ಪಳ್ಳಿ ತೆರೆಯಲು ಅನುಮತಿ ಬಂತು, ತೀರ್ಮಾನ ಜಮಾಅತಿನದ್ದು

2020ರ ಜೂನ್ 8ರ ಸೋಮವಾರದಿಂದ ಮಸೀದಿ, ದೇವಸ್ಥಾನ, ಚರ್ಚುಗಳನ್ನು ತೆರೆಯಬಹುದು ಎಂದು ಸರಕಾರ ಹೇಳಿತು. ಮಾರ್ಚ್ ಕೊನೆಯ ವಾರದಲ್ಲಿ ಮುಚ್ಚಿದ ಬಾಗಿಲು ಇದು. ಹತ್ತಕ್ಕೂ ಹೆಚ್ಚು ಜುಮುಅ ತಪ್ಪಿತು. ರಮಝಾನಿನ ತರಾವೀಹ್ ಮನೆಯ ಪಡಸಾಲೆಯಲ್ಲೇ ನಡೆಯಿತು. ಮೇ 24ರ ಪೆರ್ನಾಳ್ ದಿನವೂ ಈದ್ ನಮಾಝನ್ನು ಹೆಂಡತಿ ಮಕ್ಕಳೊಂದಿಗೆ ಮನೆಯಲ್ಲೇ ಮುಗಿಸಿದೆವು. ಹಾಗಾಗಿ ಸುದ್ದಿ ಬಂದ ಕೂಡಲೇ ಎಲ್ಲ ಮೊಹಲ್ಲಾಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ನಮ್ಮ ಪಳ್ಳಿ ಯಾವಾಗ ತೆರೆಯುತ್ತದೆ?

ಈ ಆತುರ ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸರಕಾರದ ಆದೇಶವನ್ನು ಸ್ವಲ್ಪ ನಿಧಾನವಾಗಿ ಓದಬೇಕಿತ್ತು. ಅದರಲ್ಲಿ ‘ತೆರೆಯಬಹುದು’ ಎಂದಿತ್ತು, ‘ತೆರೆಯಲೇಬೇಕು’ ಎಂದಿರಲಿಲ್ಲ. ಅಲ್ಲಿಯವರೆಗೆ ನಿರ್ಬಂಧ ಹಾಕುವವರು ಜಿಲ್ಲಾಧಿಕಾರಿ, ಪೊಲೀಸರು, ಮಂತ್ರಿಗಳು. ನಾವು ಪಾಲಿಸುವವರು, ಕೆಲವೊಮ್ಮೆ ಗೊಣಗುವವರು. ಆ ಸೋಮವಾರದಿಂದ ನಮ್ಮ ಪಳ್ಳಿಯ ಮಟ್ಟಿಗೆ ನಿರ್ಬಂಧ ಹಾಕುವವರು ನಾವೇ ಆದೆವು. ಅಧ್ಯಕ್ಷರು, ಕಾರ್ಯದರ್ಶಿ, ಖತೀಬರು, ಕಮಿಟಿಯ ಸದಸ್ಯರು. ಆ ಎರಡೂವರೆ ತಿಂಗಳಲ್ಲಿ ಸರಕಾರದಿಂದ ನಾವು ಏನನ್ನು ಕೇಳಿದೆವೋ, ಅದನ್ನು ನಮ್ಮ ಜಮಾಅತಿನಿಂದಲೂ ಕೇಳಬೇಕಾದ ಸಮಯ ಅದು.

ರೋಗ ಹೋಗಿರಲಿಲ್ಲ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ರೋಗ ಕಡಿಮೆಯಾಯಿತು ಅಂತ ಲಾಕ್‌ಡೌನ್ ಸಡಿಲಿಸಿದ್ದಲ್ಲ. ಮಾರ್ಚ್ 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಘೋಷಿಸುವಾಗ ಇಡೀ ದೇಶದಲ್ಲಿ ಸೋಂಕಿತರು ಇದ್ದದ್ದು ಸುಮಾರು 500. ಜೂನ್ ಮೊದಲ ವಾರ ಆ ಸಂಖ್ಯೆ ಎರಡು ಲಕ್ಷ ದಾಟಿತು. ಮಂಗಳವಾರ, ಜೂನ್ 2ರಂದು ಒಂದೇ ದಿನ ನಮ್ಮ ರಾಜ್ಯದಲ್ಲಿ 388 ಮಂದಿಗೆ ಸೋಂಕು ಖಚಿತವಾಯಿತು. ಅದರಲ್ಲಿ ಪಕ್ಕದ ಉಡುಪಿ ಜಿಲ್ಲೆಯದ್ದೇ 150. ಹೆಚ್ಚಿನವರು ಮಹಾರಾಷ್ಟ್ರದಿಂದ ಊರಿಗೆ ಮರಳಿದವರು.

ಹಾಗಾದರೆ ತೆರೆಯುವುದು ಯಾಕೆ? ಜನ ಎಷ್ಟು ದಿನ ದುಡಿಯದೆ ಕೂತುಕೊಳ್ಳಲು ಸಾಧ್ಯ, ಅದಕ್ಕೆ. ಬಸ್ ನಿಂತಿತ್ತು, ಹೊಟೇಲ್ ಮುಚ್ಚಿತ್ತು, ಬೀಡಿ ಕೆಲಸ ನಿಂತು ನಮ್ಮ ಎಷ್ಟೋ ಮನೆಗಳ ಹೆಂಗಸರ ಕೈಗೆ ವಾರದ ದುಡ್ಡು ಬರಲಿಲ್ಲ. ಅಂಗಡಿ ತೆರೆಯದಿದ್ದರೆ ಒಲೆ ಉರಿಯುವುದಿಲ್ಲ ಎಂಬ ಸ್ಥಿತಿ ಬಂದಾಗ ಸರಕಾರ ಬಾಗಿಲು ಸಡಿಲಿಸಲೇಬೇಕಾಯಿತು. ಆದರೆ ಅಂಗಡಿಗೆ ಇರುವ ಈ ಅನಿವಾರ್ಯ ಪಳ್ಳಿಗೆ ಇಲ್ಲ. ನಮಾಝ್ ಮನೆಯಲ್ಲೂ ಆಗುತ್ತದೆ. ಸಂಪಾದನೆ ಮನೆಯಲ್ಲಿ ಆಗುವುದಿಲ್ಲ. ಆದ್ದರಿಂದ “ಮಾರ್ಕೆಟ್ ತೆರೆದಿದೆ, ಪಳ್ಳಿ ಯಾಕೆ ತೆರೆಯಬಾರದು?” ಎಂಬ ವಾದ ಕೇಳಲು ಚೆಂದ, ತೂಗಿ ನೋಡಿದರೆ ಹಗುರ.

ಇನ್ನೊಂದು ಮಾತು. ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಸ್ಕ್ಯಾನರ್ ಜ್ವರವನ್ನು ಮಾತ್ರ ಹೇಳುತ್ತದೆ. ಉಡುಪಿಯಲ್ಲಿ ಆಗ ಪತ್ತೆಯಾಗುತ್ತಿದ್ದ ಹೆಚ್ಚಿನವರಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಯಂತ್ರ ಉಂಟು ಅಂತ ಧೈರ್ಯ ತಂದುಕೊಂಡರೆ ಮೋಸ ಹೋಗುತ್ತೇವೆ. ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ 61 ಮಂದಿ ಮುಚ್ಚಿದ ಹಾಲ್‌ನಲ್ಲಿ ಎರಡೂವರೆ ಗಂಟೆ ಹಾಡಿ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಸೋಂಕು ಇತ್ತು. ನಂತರ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಹೋದರು. ಈ ವರದಿ 2020ರ ಮೇ ತಿಂಗಳಲ್ಲಿ ಹೊರಬಂತು. ಮುಚ್ಚಿದ ಕೋಣೆ, ಹೆಚ್ಚು ಹೊತ್ತು, ಗಟ್ಟಿ ಧ್ವನಿ, ಹತ್ತಿರ ಹತ್ತಿರ ಜನ: ಈ ನಾಲ್ಕೂ ಸೇರುವ ಜಾಗ ಯಾವುದೇ ಆಗಲಿ, ಅಪಾಯ ಒಂದೇ.

ದೀನ್ ಏನು ಹೇಳುತ್ತದೆ?

“ಅಲ್ಲಾಹನ ಮನೆಗೆ ಹೋದರೆ ರೋಗ ಬರುವುದಿಲ್ಲ” ಎಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಈಮಾನಿನ ಬಗ್ಗೆ ನನಗೆ ಸಂಶಯ ಇಲ್ಲ. ಆದರೆ ಸಹಾಬಿಗಳ ಈಮಾನ್ ನಮಗಿಂತ ದೊಡ್ಡದು, ಅವರು ಮಾಡಿದ್ದೇನು ನೋಡೋಣ.

ಹಿಜರಿ 18ರಲ್ಲಿ ಶಾಮ್ ದೇಶದಲ್ಲಿ ಪ್ಲೇಗ್ ಹಬ್ಬಿತು. ಚರಿತ್ರೆಯಲ್ಲಿ ಇದಕ್ಕೆ ಅಮ್ವಾಸ್ ಪ್ಲೇಗ್ ಎಂದು ಹೆಸರು. ಖಲೀಫಾ ಉಮರ್(ರ) ಮದೀನಾದಿಂದ ಶಾಮಿನ ಕಡೆ ಹೊರಟು ಸರ್ಗ್ ಎಂಬ ಜಾಗ ತಲುಪಿದಾಗ ಈ ಸುದ್ದಿ ಸಿಕ್ಕಿತು. ಅವರು ಒಬ್ಬರೇ ತೀರ್ಮಾನ ಮಾಡಲಿಲ್ಲ. ಮೊದಲು ಮುಹಾಜಿರರನ್ನು, ಆಮೇಲೆ ಅನ್ಸಾರರನ್ನು, ಕೊನೆಗೆ ಖುರೈಷಿ ಹಿರಿಯರನ್ನು ಕರೆದು ಕೇಳಿದರು. ಮೊದಲ ಎರಡು ಗುಂಪಿನಲ್ಲಿ ಭಿನ್ನಾಭಿಪ್ರಾಯ ಬಂತು. ಹಿರಿಯರು ಒಮ್ಮತದಿಂದ ವಾಪಸ್ ಹೋಗೋಣ ಎಂದರು. ಆಗ ಅಬೂ ಉಬೈದಾ(ರ) ಕೇಳಿದ ಪ್ರಶ್ನೆ ಇವತ್ತು ನಮ್ಮ ಪಳ್ಳಿ ಜಗಲಿಯಲ್ಲಿ ಕೇಳುವ ಪ್ರಶ್ನೆಯೇ: ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ? ಉಮರ್(ರ) ಕೊಟ್ಟ ಉತ್ತರದ ಸಾರ ಇಷ್ಟು: ನಾವು ಹೋಗುತ್ತಿರುವುದು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ. ಒಂಟೆ ಮೇಯಿಸುವವನ ಮುಂದೆ ಒಂದು ಕಡೆ ಹಸಿರು, ಒಂದು ಕಡೆ ಒಣನೆಲ ಇದ್ದರೆ ಅವನು ಯಾವ ಕಡೆ ಹೋದರೂ ಅದು ಅಲ್ಲಾಹನ ವಿಧಿಯೇ. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಪ್ರವಾದಿ(ಸ)ಯವರ ಮಾತನ್ನು ತಿಳಿಸಿದರು. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಅದು ಬಂದರೆ ಓಡಿ ಹೊರಗೆ ಹೋಗಬೇಡಿ ಎಂಬುದು ಆ ಹದೀಸಿನ ತಾತ್ಪರ್ಯ. ಕ್ವಾರಂಟೈನ್ ಎಂಬ ಪದ ಕೇಳುವುದಕ್ಕೆ ಎಷ್ಟೋ ಮುಂಚೆ ನಮಗೆ ಸಿಕ್ಕ ಪಾಠ ಅದು.

ಮಳೆ ಜೋರಾಗಿ, ದಾರಿ ಕೆಸರಾದಾಗ ಜನ ತಮ್ಮ ಮನೆಯಲ್ಲೇ ನಮಾಝ್ ಮಾಡಲಿ ಎಂದು ಬಾಂಗಿನಲ್ಲಿ ಕೂಗಿ ಹೇಳುವ ಕ್ರಮ ಪ್ರವಾದಿ(ಸ)ಯವರ ಕಾಲದಲ್ಲೇ ಇತ್ತು. ಒದ್ದೆಯಾಗುವ ಕಷ್ಟಕ್ಕೆ ಇಷ್ಟು ರಿಯಾಯಿತಿ ಇದ್ದರೆ ಜೀವ ಹೋಗುವ ಅಪಾಯಕ್ಕೆ ಎಷ್ಟಿರಬೇಡ? ಮಕ್ಕಾದಲ್ಲಿ ಮಾರ್ಚ್ ಮೊದಲ ವಾರದಲ್ಲೇ ಉಮ್ರಾ ನಿಲ್ಲಿಸಿದರು. ಸೌದಿಯ ಮಸೀದಿಗಳು ಮಾರ್ಚ್ 17ರಿಂದ ಮುಚ್ಚಿ, ಮೇ 31ರ ರವಿವಾರ ತೆರೆದವು. ಅಲ್ಲಿ ಬಾಂಗಿಗೆ ಕಾಲು ಗಂಟೆ ಮೊದಲು ಬಾಗಿಲು ತೆಗೆದು, ನಮಾಝ್ ಮುಗಿದ ಹತ್ತು ನಿಮಿಷಕ್ಕೆ ಮುಚ್ಚುತ್ತಿದ್ದರು. ಮಕ್ಕಾದ ಮಸೀದಿಗಳನ್ನು ಆಗ ಇನ್ನೂ ತೆರೆದಿರಲಿಲ್ಲ. ಹಾಗಂತ ಸೌದಿಯವರ ಈಮಾನ್ ಕಡಿಮೆಯಾಯಿತು ಅಂತ ಯಾರಾದರೂ ಹೇಳುತ್ತಾರಾ?

ಮೂರು ಪರೀಕ್ಷೆ

ದೀನಿನಲ್ಲಿ ನಿರ್ಬಂಧಕ್ಕೆ ಆಧಾರ ಇದೆ ಅಂದ ಮಾತ್ರಕ್ಕೆ ಅಧಿಕಾರಿಗಳು ಹಾಕಿದ ಎಲ್ಲ ನಿರ್ಬಂಧವೂ ಸರಿ ಎಂದಾಗುವುದಿಲ್ಲ. ಆ ಎರಡೂವರೆ ತಿಂಗಳು ನೋಡಿದ ಮೇಲೆ ಒಂದು ನಿರ್ಬಂಧವನ್ನು ಅಳೆಯಲು ಮೂರು ಪ್ರಶ್ನೆ ಸಾಕು ಅಂತ ನನಗೆ ಅನಿಸುತ್ತದೆ. ಅದಕ್ಕೆ ಕಾರಣ ಹೇಳಿದ್ದಾರಾ? ಅದು ಎಲ್ಲರಿಗೂ ಒಂದೇ ಇದೆಯಾ? ಅದರಿಂದ ಪೆಟ್ಟು ತಿನ್ನುವವನಿಗೆ ಬೇರೆ ದಾರಿ ಮಾಡಿಕೊಟ್ಟಿದ್ದಾರಾ?

ಕಾರಣದ ವಿಷಯಕ್ಕೆ ಬಂದರೆ, ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ದಿನಸಿ ಅಂಗಡಿಗೆ ಬೆಳಿಗ್ಗೆ 7ರಿಂದ 12ರವರೆಗೆ ಮಾತ್ರ ಸಮಯ ಇತ್ತು. ಜನ ಸೇರಬಾರದು ಎಂಬುದು ಉದ್ದೇಶ. ಆದರೆ ಇಡೀ ದಿನದಲ್ಲಿ ಬರುವ ಗಿರಾಕಿಗಳು ಐದು ಗಂಟೆಯೊಳಗೆ ಬಂದರೆ ಗುಂಪು ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ? ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅದೇ ಹೊತ್ತಿಗೆ ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಹೋಲ್‌ಸೇಲ್ ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರು. ವ್ಯಾಪಾರಿಗಳಿಗೆ ಕಷ್ಟ ಆಯಿತು ನಿಜ, ಆದರೆ ಇಕ್ಕಟ್ಟಿನಿಂದ ವಿಶಾಲ ಜಾಗಕ್ಕೆ ಎಂಬ ಕಾರಣವಾದರೂ ಜನರಿಗೆ ಅರ್ಥವಾಗುವಂಥದ್ದು. ಕಾರಣ ಗೊತ್ತಾದರೆ ಜನ ಕಷ್ಟವನ್ನೂ ಸಹಿಸುತ್ತಾರೆ.

ಸಮಾನತೆಯ ವಿಷಯದಲ್ಲಿ ಆದ ಗಾಯ ಹೇಳಿ ಮುಗಿಯುವಂಥದ್ದಲ್ಲ. ದಿಲ್ಲಿಯ ನಿಝಾಮುದ್ದೀನ್ ಮರ್ಕಝಿನಲ್ಲಿ ಜನ ಸೇರಿದ್ದು ಮತ್ತು ಅಲ್ಲಿಂದ ಸೋಂಕು ಹಬ್ಬಿದ್ದು ಸುಳ್ಳಲ್ಲ. ಆದರೆ ಏಪ್ರಿಲ್‌ನಲ್ಲಿ ದಿನನಿತ್ಯದ ಸರಕಾರಿ ಪತ್ರಿಕಾಗೋಷ್ಠಿಯಲ್ಲಿ ಅದರ ಲೆಕ್ಕವನ್ನು ಬೇರೆ ಮಾಡಿ ಹೇಳಿದರು. ಬೇರೆ ಯಾವ ಗುಂಪಿನದ್ದೂ ಹಾಗೆ ಹೇಳಲಿಲ್ಲ. ಟಿವಿಯವರು ಅದನ್ನು ಹಿಡಿದು ಒಂದು ಸಮುದಾಯಕ್ಕೇ ರೋಗದ ಹೆಸರು ಕಟ್ಟಿದರು. ಅದರ ಫಲ ನಮ್ಮ ಊರಿಗೂ ಬಂತು. ಮಂಗಳೂರಿನ ಹೊರವಲಯದಲ್ಲಿ ಕೊರೊನಾ ಹೋಗುವವರೆಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದು ಅಂತ ಬರೆದ ಪೋಸ್ಟರ್ ಕಾಣಿಸಿತು. ತರಕಾರಿ, ಮೀನು ಮಾರಿ ಬದುಕುವ ಬಡವ ಆ ಬೋರ್ಡಿನ ಮುಂದೆ ಎಂತ ಮಾಡಬೇಕು? ರೋಗವನ್ನು ಧರ್ಮದ ಲೆಕ್ಕದಲ್ಲಿ ನೋಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯೇ ಏಪ್ರಿಲ್ ಮೊದಲ ವಾರ ಹೇಳಬೇಕಾಗಿ ಬಂತು.

ಅನ್ಯಾಯ ಮಾಡಿದರೆ ನಿರ್ಬಂಧ ಕೆಲಸವನ್ನೂ ಮಾಡುವುದಿಲ್ಲ. ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನಲ್ಲಿ ಮನೆ ಮನೆ ಸರ್ವೇಗೆ ಹೋದ ಆಶಾ ಕಾರ್ಯಕರ್ತೆಯರನ್ನು ತಡೆದು ಹಲ್ಲೆ ಮಾಡಿದ ಘಟನೆ ನಡೆಯಿತು. ಅದು ಖಂಡಿತ ತಪ್ಪು, ನಾಚಿಕೆಗೇಡು. ಬಿಸಿಲಲ್ಲಿ ನಡೆದು ಬರುವ ಆ ಹೆಂಗಸರು ನಮ್ಮ ಅಕ್ಕ ತಂಗಿಯರು. ಆದರೆ ಹೆಸರು, ವಿಳಾಸ ಬರೆದುಕೊಳ್ಳಲು ಬಂದವರನ್ನು ಕಂಡರೆ ಜನ ಯಾಕೆ ಹೆದರಿದರು ಎಂಬುದನ್ನೂ ಕೇಳಬೇಕು. ಅದಕ್ಕೆ ಕೆಲವೇ ತಿಂಗಳ ಮೊದಲು ಎನ್‌ಪಿಆರ್, ಎನ್‌ಆರ್‌ಸಿ ಭಯ ಮನೆ ಮನೆಯಲ್ಲಿತ್ತು. ನಮ್ಮ ಮಂಗಳೂರಿನಲ್ಲೇ 2019ರ ಡಿಸೆಂಬರ್ 19ರಂದು ಗೋಲಿಬಾರಿಗೆ ಇಬ್ಬರು ಬಲಿಯಾದರು. ವಿಶ್ವಾಸ ಹೋದ ಕಡೆ ಆರೋಗ್ಯ ಇಲಾಖೆಯ ಕಾಗದವೂ ಪೊಲೀಸರ ಕಾಗದದ ಹಾಗೆ ಕಾಣುತ್ತದೆ. ಕೊರೊನಾ ಕಾಲದಲ್ಲಿ ನಮ್ಮ ಮೇಲೆ ಹಾಕಿದ 1897ರ ಸಾಂಕ್ರಾಮಿಕ ರೋಗ ಕಾಯ್ದೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬ್ರಿಟಿಷರು ಬಾಂಬೆಯ ಪ್ಲೇಗ್ ಸಮಯದಲ್ಲಿ ಮಾಡಿದ ಕಾನೂನು ಅದು. ಪುಣೆಯಲ್ಲಿ ಸೈನಿಕರು ಮನೆಗೆ ನುಗ್ಗಿ, ಹೆಂಗಸರ ಮಾನ ಮರ್ಯಾದೆ ನೋಡದೆ ತಪಾಸಣೆ ಮಾಡಿದ್ದಕ್ಕೆ ಜನ ರೊಚ್ಚಿಗೆದ್ದರು. ಅದೇ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು.

ಮೂರನೆಯದು ಬೇರೆ ದಾರಿಯ ಪ್ರಶ್ನೆ. ಇದಕ್ಕೆ ತಲಪಾಡಿಗಿಂತ ದೊಡ್ಡ ಉದಾಹರಣೆ ಬೇಡ. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿತ್ತು, ಗಡಿ ಮುಚ್ಚುವುದಕ್ಕೆ ಕಾರಣ ಇತ್ತು. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ಡಯಾಲಿಸಿಸ್ ಇಲ್ಲಿ, ಹೆರಿಗೆ ಇಲ್ಲಿ, ಹೃದಯದ ಡಾಕ್ಟರ್ ಇಲ್ಲಿ. ರಸ್ತೆಗೆ ಮಣ್ಣು ಸುರಿದು ಆ್ಯಂಬುಲೆನ್ಸನ್ನೂ ತಡೆದಾಗ ಕೊರೊನಾ ಇಲ್ಲದ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಆಮೇಲೆ ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಕ್ರಮ ಬಂತು. ಆ ಕ್ರಮವನ್ನು ಮೊದಲ ದಿನವೇ ಮಾಡಬಹುದಿತ್ತಲ್ಲವಾ? ನಮ್ಮ ಬ್ಯಾರಿ ಮನೆಗಳಿಗೆ ತಲಪಾಡಿ ಒಂದು ಗೇಟ್ ಮಾತ್ರ ಅಲ್ಲ. ಹೆಣ್ಣು ಕೊಟ್ಟ ಮನೆ ಆ ಕಡೆ, ತಂದ ಮನೆ ಈ ಕಡೆ. ಹಾಗಾಗಿ ಆ ಪೆಟ್ಟು ನಮಗೆ ಚೆನ್ನಾಗಿ ಗೊತ್ತುಂಟು.

ಈಗ ನಮ್ಮ ಸರದಿ

ಇಷ್ಟನ್ನು ಸರಕಾರದ ಬಗ್ಗೆ ಹೇಳಿದ ಮೇಲೆ ಅದೇ ಮೂರು ಪ್ರಶ್ನೆಯನ್ನು ನಮ್ಮ ಕಮಿಟಿಯ ಮೀಟಿಂಗಿನಲ್ಲಿ ಇಡಬೇಕು.

ಮೊದಲು ಕಾರಣ, ಅಂದರೆ ಲೆಕ್ಕ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್ ಮೊದಲ ವಾರ ಹೊರಡಿಸಿದ ಸೂಚನೆಯ ಪ್ರಕಾರ ಆರು ಅಡಿ ಅಂತರ ಬೇಕಿತ್ತು, ಮಾಸ್ಕ್ ಬೇಕಿತ್ತು, ಮುಸಲ್ಲ ಅವರವರೇ ತರಬೇಕಿತ್ತು. 65 ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಂಥ ಬೇರೆ ರೋಗ ಇರುವವರು ಮನೆಯಲ್ಲೇ ಇರಬೇಕಿತ್ತು. ಕಂಟೈನ್‌ಮೆಂಟ್ ವಲಯದಲ್ಲಿ ತೆರೆಯುವ ಹಾಗೇ ಇರಲಿಲ್ಲ. ಇನ್ನು ಟೇಪ್ ಹಿಡಿದು ಅಳೆದು ನೋಡಿ. 40 ಅಡಿ ಉದ್ದ, 40 ಅಡಿ ಅಗಲದ ಪಳ್ಳಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತರೆ ಒಂದು ಸಫ್ಫಿಗೆ 20 ಮಂದಿ, ಹತ್ತು ಸಫ್ಫು, ಒಟ್ಟು 200. ಆರು ಅಡಿ ಬಿಟ್ಟು ನಿಂತರೆ ಒಂದು ಸಫ್ಫಿಗೆ 7, ಏಳೇ ಸಫ್ಫು, ಒಟ್ಟು 49. ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆಗ ಮಳೆಗಾಲ ಶುರುವಾಗಿತ್ತು, ಅಂಗಳದಲ್ಲಿ ಜನ ನಿಲ್ಲುವಂತಿರಲಿಲ್ಲ. ಮಳೆ ಬಂದರೆ ಹೊರಗಿದ್ದವರೆಲ್ಲ ಜಗಲಿಗೆ ನುಗ್ಗುತ್ತಾರೆ, ಅಂತರದ ಗೆರೆ ಅಲ್ಲಿಗೆ ಮುಗಿಯಿತು.

ಜುಮುಅದ ಪ್ರಶ್ನೆ ಇನ್ನೂ ಕಷ್ಟ. ಶಾಫಿಈ ಮದ್‌ಹಬಿನಲ್ಲಿ ಜುಮುಅಕ್ಕೆ ಊರಿನವರಾದ 40 ಮಂದಿ ಬೇಕು. ಸಣ್ಣ ಪಳ್ಳಿಯಲ್ಲಿ ಅಂತರ ಬಿಟ್ಟು ನಿಂತರೆ 40 ತುಂಬುವುದೇ ಇಲ್ಲ. ದೊಡ್ಡ ಪಳ್ಳಿಯಲ್ಲಿ 40 ತುಂಬುತ್ತದೆ, ಆದರೆ ಬಂದ 300 ಮಂದಿಯಲ್ಲಿ 250 ಮಂದಿಯನ್ನು ಬಾಗಿಲಲ್ಲೇ ತಿರುಗಿಸಬೇಕು. ಒಂದೇ ಊರಲ್ಲಿ ಒಂದಕ್ಕಿಂತ ಹೆಚ್ಚು ಜುಮುಅ ಮಾಡಲು ಮಸ್‌ಅಲ ಉಂಟು. ಅದನ್ನು ಖಾಝಿಗಳು, ದೊಡ್ಡ ಉಲಮಾಗಳು ಕೂತು ಹೇಳಬೇಕು. ಒಂದೊಂದು ಕಮಿಟಿ ತನಗೆ ತೋಚಿದಂತೆ ಮಾಡಿದರೆ ಜಗಳ ಆಗುತ್ತದೆ. ಆದ್ದರಿಂದ ಅವರ ಮಾತು ಬರುವವರೆಗೆ ಜುಮುಅ ಬೇಡ, ಮನೆಯಲ್ಲಿ ಳುಹರ್ ಸಾಕು ಎಂದು ತೀರ್ಮಾನಿಸುವ ಜಮಾಅತ್ ಏನೂ ತಪ್ಪು ಮಾಡಿದ ಹಾಗಲ್ಲ.

ದಿನದ ಐದು ಹೊತ್ತಿನದ್ದೂ ಯೋಚಿಸಬೇಕು. ಆಗ ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಇತ್ತು. ಜೂನ್ ತಿಂಗಳಲ್ಲಿ ಇಶಾ ಬಾಂಗ್ ಆಗುವಾಗಲೇ ಎಂಟು ಗಂಟೆ ದಾಟುತ್ತದೆ, ಸುಬ್‌ಹಿ ಬಾಂಗ್ 5ಕ್ಕೆ ಮೊದಲೇ. ನಮಾಝ್ ಮುಗಿಸಿ ಜಗಲಿಯಲ್ಲಿ ಮಾತಿಗೆ ಕೂತವರನ್ನು ಪೊಲೀಸರು ಹಿಡಿದರೆ ಹೆಸರು ಕೆಡುವುದು ಇಡೀ ಪಳ್ಳಿಯದ್ದು. ವುಝೂ ಮನೆಯಲ್ಲೇ ಮಾಡಿ ಬರಬೇಕು, ಎಲ್ಲರೂ ಕೈ ಹಾಕುವ ನೀರಿನ ತೊಟ್ಟಿ ಈಗ ಬೇಡ. ಕಿಟಕಿ ಎಲ್ಲ ತೆರೆದಿರಬೇಕು. ಫರ್ಳ್ ಮಾತ್ರ ಪಳ್ಳಿಯಲ್ಲಿ, ಸುನ್ನತ್ ಮನೆಯಲ್ಲಿ. ಬಾಗಿಲಲ್ಲಿ ನಿಂತು ‘ಇವತ್ತು ಜಾಗ ಇಲ್ಲ ಕಾಕ, ಮನೆಗೆ ಹೋಗಿ’ ಅಂತ ಹೇಳುವ ಗಟ್ಟಿ ಮನಸ್ಸಿನ ಇಬ್ಬರು ಯುವಕರು ಐದು ಹೊತ್ತಿಗೂ ಸಿಗುತ್ತಾರಾ? ಸಿಗುವುದಿಲ್ಲ ಎಂದಾದರೆ ಆ ಪಳ್ಳಿ ಈಗ ತೆರೆಯುವ ಸ್ಥಿತಿಯಲ್ಲಿಲ್ಲ ಎಂದೇ ಅರ್ಥ.

ಎರಡನೆಯದು ಸಮಾನತೆ. 49 ಜಾಗ ಯಾರಿಗೆ? ಮೊದಲ ಸಫ್ಫು ಕಮಿಟಿಯವರಿಗೆ, ದೊಡ್ಡ ಚಂದಾ ಕೊಟ್ಟವರಿಗೆ ಮೀಸಲು ಎಂದಾದರೆ ನಾವು ಸರಕಾರದ ತಾರತಮ್ಯವನ್ನು ದೂರುವ ಹಕ್ಕು ಕಳಕೊಳ್ಳುತ್ತೇವೆ. ಅಧ್ಯಕ್ಷರಿಗೆ 66 ವರ್ಷವಾದರೆ ಅಧ್ಯಕ್ಷರೂ ಮನೆಯಲ್ಲೇ. ನಮ್ಮ ಊರಲ್ಲಿ ಉಳಿದ ಉತ್ತರ ಪ್ರದೇಶ, ಬಿಹಾರ, ಬಂಗಾಳದ ಕೂಲಿ ಹುಡುಗರಿಗೂ ಸರದಿ ಇರಬೇಕು. ವಾರಕ್ಕೆ ಇಷ್ಟು ಮನೆ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಯಾರಿಗೂ ಬೇಸರ ಇಲ್ಲ.

ಗಲ್ಫಿನಿಂದ ಬಂದವರ ವಿಷಯ ಇಲ್ಲೇ ಹೇಳಬೇಕು. ಮೇ 12ರ ರಾತ್ರಿ ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಬಂತು. ಕೆಲಸ ಹೋದವರು, ಗರ್ಭಿಣಿಯರು, ಕಾಯಿಲೆಯವರು ಅದರಲ್ಲಿದ್ದರು. ಅವರಲ್ಲಿ ಕೆಲವರಿಗೆ ಸೋಂಕು ಇದೆ ಎಂದು ಗೊತ್ತಾದ ಕೂಡಲೇ, ಇವರನ್ನು ಕರೆತಂದದ್ದೇ ತಪ್ಪು ಎಂಬ ಮಾತು ಎದ್ದಿತು. ಬೇರೆಯವರು ಹೇಳಿದ್ದನ್ನು ಬಿಡಿ, ನಮ್ಮ ಜನರೂ ಹೇಳಿದರು. ನಲ್ವತ್ತು ವರ್ಷದಿಂದ ನಮ್ಮ ಪಳ್ಳಿಯ ಸುಣ್ಣಬಣ್ಣ, ಮದ್ರಸದ ಮಾಡು, ಬಡ ಹುಡುಗಿಯ ಮದುವೆ ಯಾರ ದುಡ್ಡಿನಲ್ಲಿ ನಡೆಯಿತು? ಕ್ವಾರಂಟೈನ್ ಮುಗಿಸಿ, ಟೆಸ್ಟ್ ನೆಗೆಟಿವ್ ಬಂದವನನ್ನೂ ಪಳ್ಳಿ ಬಾಗಿಲಲ್ಲಿ ಓರೆಗಣ್ಣಿನಿಂದ ನೋಡಿದರೆ ನಮ್ಮ ವಿರುದ್ಧ ಪೋಸ್ಟರ್ ಹಾಕಿದವರಿಗೂ ನಮಗೂ ವ್ಯತ್ಯಾಸ ಏನು?

ಇದರಿಂದ ಇನ್ನೊಂದು ಅಪಾಯವೂ ಉಂಟು. ಅವಮಾನದ ಹೆದರಿಕೆ ಇರುವ ಕಡೆ ಜನ ಜ್ವರವನ್ನು ಮುಚ್ಚಿಡುತ್ತಾರೆ. ಮಳೆಗಾಲ ಎಂದರೆ ಡೆಂಗಿ, ಮಲೇರಿಯಾ, ಇಲಿಜ್ವರದ ಕಾಲ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಎಷ್ಟು ಜೋರಿತ್ತು ಎಂದು ನೆನಪಿರಬಹುದು. ಕೊರೊನಾ ಅಂತ ಹೇಳಿ ಮನೆಯನ್ನು ಸೀಲ್‌ಡೌನ್ ಮಾಡಿಯಾರು ಎಂದು ಹೆದರಿ ಡೆಂಗಿ ರೋಗಿಯನ್ನೂ ಮನೆಯಲ್ಲೇ ಮಲಗಿಸಿದರೆ ಜೀವ ಹೋಗುತ್ತದೆ. ಜ್ವರ ಬಂದವನು ಪಳ್ಳಿಗೆ ಬಾರದಿರಲಿ, ಆದರೆ ಆಸ್ಪತ್ರೆಗೆ ಖಂಡಿತ ಹೋಗಲಿ. ಈ ಒಂದು ಮಾತನ್ನು ಖತೀಬರು ಮೈಕಿನಲ್ಲಿ ಹೇಳಿದರೆ ನೂರು ಕರಪತ್ರಕ್ಕೆ ಸಮ.

ಮರಣದ ವಿಷಯದಲ್ಲೂ ಇದೇ. ಏಪ್ರಿಲ್ 23ರಂದು ಸೋಂಕಿನಿಂದ ತೀರಿಕೊಂಡ ಬಂಟ್ವಾಳದ ಒಬ್ಬ ವೃದ್ಧೆಯ ಶವಸಂಸ್ಕಾರಕ್ಕೆ ಪಚ್ಚನಾಡಿಯಲ್ಲಿ ಜನ ಅಡ್ಡ ನಿಂತರು. ಆ ದೇಹವನ್ನು ಜಾಗದಿಂದ ಜಾಗಕ್ಕೆ ಒಯ್ದು ಕೊನೆಗೆ ಬಿ.ಸಿ.ರೋಡಿನ ಕೈಕುಂಜೆಯಲ್ಲಿ ದಹನ ಮಾಡಿದರು. ಓದಿದವರ ಜಿಲ್ಲೆ ಎಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ಇದು ನಡೆಯಿತು. ನಾಳೆ ನಮ್ಮ ಖಬರಸ್ತಾನದ ಬಾಗಿಲಿಗೂ ಅಂಥ ಮಯ್ಯತ್ ಬರಬಹುದು. ಸರಿಯಾಗಿ ಪ್ಯಾಕ್ ಮಾಡಿದ ದೇಹವನ್ನು ಮುಟ್ಟದೆ ದಫನ್ ಮಾಡಿದರೆ ಅದರಿಂದ ಊರಿಗೆ ರೋಗ ಹರಡುವುದಿಲ್ಲ ಎಂದು ಆರೋಗ್ಯ ಸಚಿವಾಲಯ ಮಾರ್ಚ್‌ನಲ್ಲೇ ತಿಳಿಸಿತ್ತು. ಖಬರಸ್ತಾನದಲ್ಲಿ ದಫನ್ ಮಾಡಬಹುದು ಎಂದು ಬಾಂಬೆ ಹೈಕೋರ್ಟ್ 2020ರ ಮೇ 22ರಂದು ಹೇಳಿತು. ಮುಖ ತೋರಿಸಲು, ದೂರ ನಿಂತು ದುಆ ಮಾಡಲು ಅವಕಾಶ ಇತ್ತು. ತೊಳೆಯಲು, ಮುತ್ತಿಡಲು ಇರಲಿಲ್ಲ. ಮೀಯಿಸಲು ಸಾಧ್ಯವಾಗದ ಮಯ್ಯತ್‌ಗೆ ಏನು ಮಾಡಬೇಕು ಎಂದು ಫಿಖ್‌ಹಿನಲ್ಲಿ ದಾರಿ ಇದೆ, ಉಸ್ತಾದರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಖಬರ್ ತೋಡುವವರು ಯಾರು, ಇಳಿಸುವವರು ಯಾರು ಎಂದು ಈಗಲೇ ನಾಲ್ವರ ಹೆಸರು ಬರೆದಿಡಿ. ಮಯ್ಯತ್ ಬಂದ ಮೇಲೆ ಮೀಟಿಂಗ್ ಮಾಡುವುದಲ್ಲ.

ಚಂದಾ ಡಬ್ಬಿಯ ಮಾತು

ಮೂರನೆಯ ಪ್ರಶ್ನೆ, ಪೆಟ್ಟು ತಿನ್ನುವವನಿಗೆ ಬೇರೆ ದಾರಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಪಳ್ಳಿಯನ್ನು ಬೇಗ ತೆರೆಯಬೇಕು ಎಂಬ ಒತ್ತಾಯದ ಹಿಂದೆ ಇಬಾದತಿನ ಆಸೆಯ ಜೊತೆಗೆ ಚಂದಾ ಡಬ್ಬಿಯ ಚಿಂತೆಯೂ ಇತ್ತು. ಶುಕ್ರವಾರದ ಡಬ್ಬಿ ಇರಲಿಲ್ಲ, ರಮಝಾನಿನ ಸಂಗ್ರಹ ಇರಲಿಲ್ಲ, ಗಲ್ಫಿನಿಂದ ಬರುವುದು ನಿಂತಿತು, ಮನೆಗಳ ತಿಂಗಳ ವಂತಿಗೆ ಬಾಕಿಯಾಯಿತು. ಖತೀಬರು, ಮುಅದ್ದಿನ್, ಮದ್ರಸದ ಉಸ್ತಾದರು, ಎಲ್ಲರ ಸಂಬಳ ಅದರಲ್ಲೇ ಆಗಬೇಕು. ಮೇ 6ರಂದು ಆಗಿನ ಮುಖ್ಯಮಂತ್ರಿಗಳು ಘೋಷಿಸಿದ 1,610 ಕೋಟಿಯ ಪ್ಯಾಕೇಜಿನಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ 5,000 ರೂಪಾಯಿ ಇತ್ತು. ಅದು ಒಳ್ಳೆಯದೇ. ಮದ್ರಸ ಉಸ್ತಾದರ ಹೆಸರು ಅದರಲ್ಲಿ ಇರಲಿಲ್ಲ. ಮದ್ರಸಗಳು ಯಾವಾಗ ತೆರೆಯುತ್ತವೆ ಎಂಬುದೂ ಗೊತ್ತಿರಲಿಲ್ಲ. ಶಾಲೆಗಳ ತೀರ್ಮಾನವೇ ಜುಲೈಗೆ ಹೋಗಿತ್ತು. ವಾಟ್ಸ್ಆ್ಯಪಿನಲ್ಲಿ ಸಬಖ್ ಕಳಿಸುವ ಉಸ್ತಾದರ ಮನೆಯಲ್ಲಿ ಅಕ್ಕಿ ಇದೆಯಾ ಎಂದು ಕೇಳಿದ ಜಮಾಅತ್‌ಗಳೂ ಉಂಟು, ಕೇಳದವರೂ ಉಂಟು.

ನಾನೂ ಒಬ್ಬ ಮದ್ರಸ ಅಧ್ಯಾಪಕ. ಈ ಮಾತಿನಲ್ಲಿ ನನ್ನ ಸ್ವಾರ್ಥ ಇದೆ ಎಂದು ಯಾರಾದರೂ ಹೇಳಿದರೆ ಹೇಳಲಿ. ಆದರೆ ನನ್ನ ಸಂಬಳಕ್ಕಾಗಿ ಒಬ್ಬ ವಯಸ್ಸಾದ ಕಾಕನನ್ನು ಆರು ಅಡಿ ಇಲ್ಲದ ಸಫ್ಫಿನಲ್ಲಿ ನಿಲ್ಲಿಸುವುದು ಬೇಡ. ಸಂಬಳದ ಸಮಸ್ಯೆಗೆ ಸಂಬಳದ್ದೇ ಪರಿಹಾರ ಹುಡುಕಬೇಕು. ಆಗ ಮದುವೆಗಳಿಗೆ 50 ಮಂದಿಗಿಂತ ಹೆಚ್ಚು ಕರೆಯುವ ಹಾಗಿರಲಿಲ್ಲ. ಸಾವಿರ ಜನರ ಬಿರಿಯಾನಿಯ ದುಡ್ಡು ಉಳಿದ ಮನೆಗಳು ಪ್ರತಿ ಮೊಹಲ್ಲಾದಲ್ಲೂ ಇದ್ದವು. ಅದರಲ್ಲಿ ಒಂದು ಪಾಲು ಪಳ್ಳಿಯ ಸಂಬಳ ನಿಧಿಗೆ ಬರಲಿ. ಕೊಡಲು ಆಗುವವರು ತಿಂಗಳ ವಂತಿಗೆಯನ್ನು ಬ್ಯಾಂಕಿನಲ್ಲಿ, ಫೋನಿನಲ್ಲಿ ಕಳಿಸಲಿ. ಕೆಲಸ ಹೋದ ಮನೆಯ ವಂತಿಗೆಯನ್ನು ಕಮಿಟಿ ಸುಮ್ಮನೆ ಬಿಟ್ಟುಬಿಡಲಿ, ಮೈಕಿನಲ್ಲಿ ಹೆಸರು ಓದುವುದು ಬೇಡ. ಪಳ್ಳಿಗೆ ಬರಲಾಗದೆ ಮನೆಯಲ್ಲಿ ಕೂತ ಹಿರಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡುವ, ಔಷಧಿ ತಂದುಕೊಡುವ ಜವಾಬ್ದಾರಿ ಯುವಕರಿಗೆ ಇರಲಿ. ಐವತ್ತು ವರ್ಷ ಸುಬ್‌ಹಿ ಜಮಾಅತ್ ತಪ್ಪಿಸದವರು ಅವರು. ಅವರ ಮನಸ್ಸಿಗೆ ಆಗುವ ನೋವನ್ನು ನಾವು ಅರ್ಥ ಮಾಡಿಕೊಳ್ಳಬೇಕು.

ಆ ಸೋಮವಾರಕ್ಕೆ ಮೊದಲು ಪ್ರತಿ ಕಮಿಟಿ ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಪಳ್ಳಿ ಗೋಡೆಗೆ ಹಾಕಬೇಕಿತ್ತು. ತೆರೆಯುತ್ತೇವೆಯೋ ಇಲ್ಲವೋ, ಯಾಕೆ, ಎಷ್ಟು ಮಂದಿಗೆ, ಈ ತೀರ್ಮಾನವನ್ನು ಮತ್ತೆ ಯಾವ ದಿನ ನೋಡುತ್ತೇವೆ. ತೆರೆಯುವ ಪಳ್ಳಿಯವರು ತೆರೆಯದವರನ್ನು ಹೆದರುಪುಕ್ಕಲರು ಎನ್ನುವುದು ಬೇಡ. ತೆರೆಯದವರು ತೆರೆದವರನ್ನು ಬುದ್ಧಿಯಿಲ್ಲದವರು ಎನ್ನುವುದೂ ಬೇಡ. ಸರ್ಗ್‌ನಲ್ಲಿ ಸಹಾಬಿಗಳ ನಡುವೆಯೂ ಭಿನ್ನಾಭಿಪ್ರಾಯ ಬಂದಿತ್ತು. ಅವರು ಕೂತು ಮಾತಾಡಿದರು, ತೀರ್ಮಾನವಾದ ಮೇಲೆ ಪಾಲಿಸಿದರು. ಅಲ್ಲಾಹನು ನಮ್ಮ ಜಮಾಅತ್‌ಗಳಿಗೂ ಆ ತೌಫೀಖ್ ನೀಡಲಿ, ರೋಗಿಗಳಿಗೆ ಶಿಫಾ ಕೊಡಲಿ. ಆಮೀನ್.